ಲೆಟ್ಟಿಯ ಪರವಾಗಿ

ತಬಿತಾಳಿಗೆ ಇಬ್ಬರು ಗಂಡಂದಿರು. ಒಬ್ಬ ಸತ್ತು ಮೂವತ್ತೆರಡು ವರ್ಷವಾಗಿತ್ತು. ಇನ್ನೊಬ್ಬ ಹಿತ್ತಿಲಲ್ಲಿ ಕೆಮ್ಮುತ್ತ ಸೌದೆ ಒಡೆಯುತ್ತಿದ್ದ. ಸತ್ತವನು ಶಾಶ್ವತದವನು, ಬದುಕಿರುವವನು ತಾತ್ಕಾಲಿಕದವನು. ಹೊರಗಿನವರು ಕೇಳಿದರೆ ನಕ್ಕಾರು, ಆದರೆ ಸ್ಯಾನ್‌ಪೀಟ್ ಕಣಿವೆಯಲ್ಲಿ ಇದು ನಗುವ ಮಾತಾಗಿರಲಿಲ್ಲ. ಅಲ್ಲಿಯ ಮಾರ್ಮನ್ ಜನಕ್ಕೆ ಮದುವೆ ಎರಡು ಬಗೆ. ಒಂದು ಮಣ್ಣಿಗೆ ಹೋಗುವ ತನಕದ್ದು. ಇನ್ನೊಂದು ದೇವಾಲಯದಲ್ಲಿ ಮುದ್ರೆ ಬಿದ್ದು ಪರಲೋಕದಲ್ಲೂ ನಡೆಯುವಂಥದ್ದು. ಹೆಣ್ಣಿಗೆ ಈ ಎರಡನೆಯದು ಒಂದೇ ಸಲ. ಅದು ಯಾರ ಜೊತೆ ಆಗಿದೆಯೋ ಅವಳು ಅವನಿಗೇ, ಆಮೇಲೆ ಹೆತ್ತ ಮಕ್ಕಳೂ ಅವನಿಗೇ.

ತಬಿತಾಳ ಮುದ್ರೆ ಬಿದ್ದಿದ್ದು ಅಮೋಸ್ ಪೆಲ್ ಎಂಬ ನೇಯ್ಗೆಯವನ ಜೊತೆ. ಇಬ್ಬರೂ ಇಂಗ್ಲೆಂಡಿನಿಂದ ಹೊಸ ಮತಕ್ಕೆ ಸೇರಿ ಹೊರಟವರು. ಎತ್ತುಗಾಡಿಗೆ ಗತಿಯಿಲ್ಲದ ನೂರಾರು ಜನರ ಜೊತೆ ಕೈಗಾಡಿ ಎಳೆಯುತ್ತ ಬಯಲು ದಾಟುವಾಗ, ಮದುವೆಯಾದ ಹನ್ನೊಂದೇ ತಿಂಗಳಿಗೆ, ಅಮೋಸ್ ಹಿಮದಲ್ಲಿ ಸತ್ತ. ಅವನು ಹೋದ ಮೂರನೇ ದಿನಕ್ಕೆ ತಬಿತಾಳ ತಂಗಿ ಲೆಟ್ಟಿಯೂ ಹೋದಳು. ಅವಳಿಗೆ ಹದಿನೇಳು.

ಎರಡು ವರ್ಷ ಕಳೆದು ಡೆನ್ಮಾರ್ಕಿನಿಂದ ಬಂದ ಕಲ್ಲುಕುಟಿಗ ಲಾರಿಟ್ಸ್ ಕೆಲ್ಡ್‌ಸನ್ ಇವಳನ್ನು ಕೇಳಿದ. ಕೊಡೋಣ, ಆದರೆ ಮೊದಲು ಸತ್ತ ಅಮೋಸನ ಜೊತೆ ಮುದ್ರೆ ಆಗಲಿ ಎಂದರು ಸಭೆಯ ಹಿರಿಯರು. ಸತ್ತವನು ಬಂದು ಮಂಡಿಯೂರುತ್ತಾನೆಯೆ? ಅವನ ಪರವಾಗಿ ಬದುಕಿರುವವನೊಬ್ಬ ಊರಬೇಕು. ಲಾರಿಟ್ಸನೇ ಊರಿದ. ತಬಿತಾಳ ಕೈ ಹಿಡಿದು, ಅಮೋಸ್ ಪೆಲ್‌ನ ಪರವಾಗಿ, ಯುಗಯುಗಾಂತರಕ್ಕೂ ಇವಳು ನನ್ನವಳು ಎಂದು ಒಪ್ಪಿದ. ಎದ್ದು ಮಂಡಿ ಕೊಡವಿಕೊಂಡು, ಅದೇ ಮಧ್ಯಾಹ್ನ, ಸಾಯುವ ತನಕದ ಮಟ್ಟಿಗೆ ತಾನು ಮದುವೆಯಾದ. ಆಗ ಅವನಿಗೆ ಇಪ್ಪತ್ತನಾಲ್ಕು. ಆ ವಯಸ್ಸಿನಲ್ಲಿ ಪರಲೋಕ ಯಾರಿಗೆ ಹತ್ತಿರ?

ಆಮೇಲೆ ಆರು ಮಕ್ಕಳಾದವು. ಆರಕ್ಕೂ ಲಾರಿಟ್ಸನ ಉದ್ದ ಗಲ್ಲ, ಲಾರಿಟ್ಸನ ಮೊಂಡುತನ. ಹಿರಿಯನಿಗೆ ಅಮೋಸ್ ಎಂದು ಹೆಸರಿಟ್ಟವನೂ ಲಾರಿಟ್ಸನೇ. ಕಾಲುವೆ ತೋಡಿದ್ದು ಅವನು, ಮನೆ ಕಟ್ಟಿದ್ದು ಅವನು, ಗಂಟಲುಬ್ಬಸ ಬಂದ ಕೂಸನ್ನು ಎರಡು ಹಗಲು ಎರಡು ರಾತ್ರಿ ಎದೆ ಮೇಲೆ ಹಾಕಿಕೊಂಡು ಕೂತಿದ್ದು ಅವನು. ಹನ್ನೊಂದು ತಿಂಗಳು ಸಂಸಾರ ಮಾಡಿದ ಅಮೋಸನಿಗೆ ಪರಲೋಕದಲ್ಲಿ ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಸಕಲವೂ ಸಿದ್ಧ. ಉಂಡೂ ಹೋದ ಕೊಂಡೂ ಹೋದ ಎಂಬ ಮಾತು ತಬಿತಾಳ ಮನಸ್ಸಿಗೆ ಎಷ್ಟೋ ಸಲ ಬಂದು, ಪಾಪ ಸತ್ತವನ ಮೇಲೆ ಇದೇನು ಎಂದು ಅವಳೇ ನುಂಗಿಕೊಂಡಿದ್ದಳು. ಆದರೆ ಲಾರಿಟ್ಸನಿಗೆ ಅಲ್ಲಿ ಯಾರು? ಯಾರೂ ಇಲ್ಲ. ಮುದ್ರೆಯಿಲ್ಲದವನು ಅಲ್ಲಿ ಒಂಟಿ, ಮುದ್ರೆಯುಳ್ಳವರ ಮನೆ ಬಾಗಿಲು ಕಾಯುವ ಊಳಿಗದವನು.

ಇದಕ್ಕೊಂದು ಪರಿಹಾರ ಆ ಊರಲ್ಲಿ ಎಲ್ಲರಿಗೂ ಗೊತ್ತಿತ್ತು. ಇನ್ನೊಬ್ಬಳನ್ನು ಮಾಡಿಕೊಳ್ಳುವುದು. ಗಂಡಸಿಗೆ ಎಷ್ಟು ಮುದ್ರೆ ಎಂದು ಲೆಕ್ಕ ಹಿಡಿಯುವವರಿರಲಿಲ್ಲ. ಹದಿನೆಂಟು ವರ್ಷದ ಹಿಂದೆ ತಬಿತಾಳೇ ನಡೆದುಕೊಂಡು ಹೋಗಿ ಮೇಲಿನ ಊರಿನ ಬೊಟಿಲ್ಡಾ ಎಂಬ ಸ್ವೀಡನ್ ಹುಡುಗಿಯನ್ನು ಒಪ್ಪಿಸಿ ಬಂದಿದ್ದಳು. ಹೆಣ್ಣು ನೋಡಿ ಬಾ ಎಂದು ಲಾರಿಟ್ಸನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಸಿ ಕಳಿಸಿದಳು. ಅವನು ಹೋದ, ಅವರ ಮನೆಯ ಹೊಗೆಗೂಡು ಬಿರುಕು ಬಿಟ್ಟಿದ್ದನ್ನು ನೋಡಿದ, ಅಂಗಿ ಬಿಚ್ಚಿಟ್ಟು ಸಂಜೆ ತನಕ ಅದನ್ನು ಸರಿಮಾಡಿದ, ಮಜ್ಜಿಗೆ ಕುಡಿದು ವಾಪಸು ಬಂದ.

"ಹುಡುಗಿ ಹೇಗಿದ್ಲು?" ಎಂದು ಕೇಳಿದರೆ, "ಹುಡುಗಿನಾ? ಹೊಗೆಗೂಡು ಪೂರ್ತಿ ಹೋಗಿತ್ತು ಕಣೆ," ಅಂದ. ಆ ವಿಷಯ ಅಲ್ಲಿಗೆ ಮುಗಿಯಿತು. ಆ ರಾತ್ರಿ ತಬಿತಾಳಿಗೆ ಒಳ್ಳೆಯ ನಿದ್ರೆ ಬಂತು ಎಂಬುದನ್ನು ಅವಳು ಯಾರಿಗೂ ಹೇಳಲಿಲ್ಲ.

ಈಗ ಸರಕಾರದವರು ಎರಡು ಹೆಂಡಿರುಳ್ಳವರನ್ನು ಹುಡುಕಿ ಹುಡುಕಿ ಜೈಲಿಗೆ ಹಾಕುತ್ತಿದ್ದರು. ಆ ದಾರಿ ಮುಚ್ಚಿತ್ತು. ಲಾರಿಟ್ಸ್ ಹತ್ತು ವರ್ಷ ಮ್ಯಾಂಟೈ ಊರಿನ ಗುಡ್ಡದ ಮೇಲೆ ದೇವಾಲಯದ ಕಲ್ಲು ಕಡಿದಿದ್ದ. ಆ ಬಿಳಿ ಕಲ್ಲಿನ ಧೂಳು ಅವನ ಎದೆಯಲ್ಲಿ ಕೂತುಬಿಟ್ಟಿತ್ತು. ವಸಂತದಲ್ಲಿ ದೇವಾಲಯ ತೆರೆಯಿತು, ಬೇಸಿಗೆಯಲ್ಲಿ ಕೆಮ್ಮಿನ ಜೊತೆ ರಕ್ತ ಬಂತು. ಇನ್ನೊಂದು ಚಳಿಗಾಲ ದಾಟಿದರೆ ಹೆಚ್ಚು ಎಂದು ಸೂಲಗಿತ್ತಿ ಹೇಳಿದಳು. ಆ ಊರಲ್ಲಿ ಹುಟ್ಟಿಗೂ ಸಾವಿಗೂ ಅವಳೇ ವೈದ್ಯೆ.

ಸೆಪ್ಟೆಂಬರಿನಲ್ಲಿ ಒಂದು ದಿನ ಇಬ್ಬರೂ ಜಗಲಿಯಲ್ಲಿ ಕೂತು ಒಣಹಾಕಲು ಸೇಬು ಹೆಚ್ಚುತ್ತಿದ್ದರು. ತಬಿತಾ ವಾರದಿಂದ ಮನಸ್ಸಿನಲ್ಲಿ ಮಥಿಸುತ್ತಿದ್ದುದನ್ನು ಹೊರಗೆ ಹಾಕಿದಳು.

"ನೀನು ಲೆಟ್ಟೀನ ಮಾಡ್ಕೋ."

ಲಾರಿಟ್ಸ್ ಚಾಕು ನಿಲ್ಲಿಸಲಿಲ್ಲ. "ಯಾವ ಲೆಟ್ಟಿ?"

"ಯಾವ ಲೆಟ್ಟಿ ಅಂದ್ರೆ! ನನ್ನ ತಂಗಿ."

"ಅವಳು ಸತ್ತಿದಾಳಲ್ಲೆ."

"ಸತ್ತಿದಾಳೆ ಅಂತಲೇ ಹೇಳ್ತಿರೋದು. ಸತ್ತವಳನ್ನ ಮಾಡ್ಕೊಂಡ್ರೆ ಯಾವ ಪೋಲೀಸಿನವನು ಹಿಡಿತಾನೆ? ಮದುವೆಯಾಗದೆ ಹೋದವಳು. ಅಲ್ಲಿ ಅವಳೂ ಒಂಟಿ, ನೀನೂ ಒಂಟಿ. ಅವಳ ಪರವಾಗಿ ನಾನೇ ಮಂಡಿ ಊರ್ತೀನಿ."

"ನಂಗೆ ಅವಳ ಪರಿಚಯವೇ ಇಲ್ಲ."

"ಅಮೋಸನ ಪರಿಚಯ ಇತ್ತಾ ನಿಂಗೆ? ಅವನ ಪರವಾಗಿ ಹೌದು ಅನ್ನಲಿಲ್ವಾ?"

ನಾಲ್ಕು ಸೇಬು ಹೆಚ್ಚಿ ಆದಮೇಲೆ ಲಾರಿಟ್ಸ್ ಅಂದ, "ನಾನು ನಿಮ್ಮಿಬ್ಬರ ಮನೇಲಿ ಆಳಾಗಿರ್ತೀನಿ ಬಿಡು. ಅಮೋಸ ನೇಯ್ಗೆಯವನು. ಕಾಲುವೆ ಸರದಿ ಬಂದಾಗ ನೀರು ತಿರುಗಿಸೋಕೆ ಅವನಿಗೆ ಬರಲ್ಲ. ನೀವು ಉಪವಾಸ ಸಾಯ್ತೀರಿ."

"ಅಲ್ಲಿ ಯಾರೂ ಸಾಯಲ್ಲ, ಕಾಲುವೆನೂ ಇರಲ್ಲ. ಬಾಯಿ ಮುಚ್ಕೊಂಡು ಹೂಂ ಅನ್ನು."

"ಕಾಲುವೆ ಇಲ್ಲದ ಊರಲ್ಲಿ ಏನು ಮಾಡ್ತಾರೆ?" ಎಂದು ಅವನು ನಿಜವಾಗಿಯೂ ಯೋಚನೆಗೆ ಬಿದ್ದ. ಆಮೇಲೆ ಹೆಂಡತಿಯ ಮುಖ ನೋಡಿದ. ಅವಳ ಕಣ್ಣು ಕೆಂಪಾಗಿತ್ತು. "ಆಯ್ತು," ಅಂದ. "ಹೂಂ."

ಅಷ್ಟು ಬೇಗ ಒಪ್ಪಿಬಿಟ್ಟನಲ್ಲ ಎಂದು ತಬಿತಾಳಿಗೆ ಎಲ್ಲೋ ಚುಚ್ಚಿತು. ಒಪ್ಪದಿದ್ದರೂ ಬೈಯುತ್ತಿದ್ದಳು, ಅದು ಬೇರೆ ಮಾತು.

ಬಿಷಪ್ ಟ್ರಾಸ್ಕ್ ಆ ಊರಿನ ಸಭೆಯ ಮುಖ್ಯಸ್ಥ, ಕುದುರೆ ಲಾಳ ಹೊಡೆಯುವುದೂ ಅವನೇ. ದೇವಾಲಯಕ್ಕೆ ಹೋಗಲು ಅವನ ಚೀಟಿ ಬೇಕು. ಕೇಳಿದ ಕೂಡಲೆ ಚಿಮಟ ಕೆಳಗಿಟ್ಟ. "ಒಳ್ಳೇ ಯೋಚನೆ ಮಾಡಿದೆ ತಬಿತಕ್ಕ. ಲಾರಿಟ್ಸಣ್ಣನ ಬಗ್ಗೆ ನಂಗೂ ಚಿಂತೆಯಾಗಿತ್ತು. ನಿಂದು ದೊಡ್ಡ ಮನಸ್ಸು."

"ದೊಡ್ಡದೋ ಚಿಕ್ಕದೋ, ಚೀಟಿ ಬರಿ," ಎಂದಳು ತಬಿತಾ. ಹೊಗಳಿಕೆ ಅಂದರೆ ಅವಳಿಗೆ ಆಗದು.

ಮ್ಯಾಂಟೈಗೆ ಹೊರಡಲು ಇನ್ನೂ ಮೂರು ವಾರವಿತ್ತು. ಆ ಮೂರು ವಾರದಲ್ಲಿ ಲಾರಿಟ್ಸ್ ಒಂದು ಕೆಲಸ ಮಾಡಿದ, ಅದನ್ನು ತಬಿತಾ ಎಣಿಸಿಯೇ ಇರಲಿಲ್ಲ. ಅವನು ಲೆಟ್ಟಿಯ ವಿಚಾರ ಕೇಳತೊಡಗಿದ. ಕಲ್ಲು ಕಡಿಯುವ ಮೊದಲು ಅದರ ಪದರ ಯಾವ ಕಡೆಗಿದೆ ಎಂದು ನೋಡುವ ಮನುಷ್ಯ ಅವನು. ಮದುವೆಯಾಗುವ ಹುಡುಗಿ ಹೇಗೆ ಎಂದು ತಿಳಿಯದೆ ಹೋಗುವುದು ಸರಿಯಲ್ಲ ಎಂದುಕೊಂಡ.

"ಹಾಡ್ತಿದ್ಲಾ?" ಎಂದು ಬೆಳಿಗ್ಗೆ ಗಂಜಿ ಕುಡಿಯುವಾಗ.

"ಹೂಂ, ಚೆನ್ನಾಗೇ ಹಾಡ್ತಿದ್ಲು."

"ಕುದುರೆ ಕಂಡ್ರೆ ಹೆದರಿಕೆನಾ?" ಎಂದು ಹಾಲು ಕರೆಯುವಾಗ.

"ಇಲ್ಲ. ಯಾವುದಕ್ಕೂ ಹೆದರ್ತಿರಲಿಲ್ಲ."

"ಕೂದಲು ಯಾವ ಬಣ್ಣ?"

ಕೂದಲು ತಾಮ್ರದ ಬಣ್ಣ, ಬಿಚ್ಚಿದರೆ ಸೊಂಟದ ತನಕ. ತಬಿತಾ ಹೇಳಿದಳು, ಹೇಳಿ ತನ್ನ ನರೆತ ತೆಳು ಜಡೆಯನ್ನು ಟೊಪ್ಪಿಯೊಳಗೆ ತುರುಕಿಕೊಂಡಳು. ಲೆಟ್ಟಿಗೆ ಈಗಲೂ ಹದಿನೇಳು. ಮುಂದೆಯೂ ಹದಿನೇಳೇ ಇರಬಹುದು, ಯಾರಿಗೆ ಗೊತ್ತು. ಬದುಕಿದ್ದ ಬೊಟಿಲ್ಡಾಳನ್ನು ಮನೆಗೆ ತರಲು ಹೊರಟಿದ್ದ ಹೆಂಗಸು, ಸತ್ತು ಮೂವತ್ತೆರಡು ವರ್ಷವಾದ ಒಡಹುಟ್ಟಿದವಳ ಮೇಲೆ ಹೊಟ್ಟೆಕಿಚ್ಚು ಪಡುತ್ತ ಹಸುವಿನ ಹಟ್ಟಿಯಲ್ಲಿ ನಿಂತಿದ್ದಳು. ಅವಳಿಗೆ ನಾಚಿಕೆಯಾಯಿತು. ಆದರೆ ನಾಚಿಕೆಯಾಯಿತೆಂದು ಕಿಚ್ಚು ಆರುತ್ತದೆಯೆ?

ಮಾರನೆಯ ದಿನ ಅವನು, "ಅಡಿಗೆ ಬರ್ತಿತ್ತಾ?" ಅಂದಾಗ ಅವಳು ನಿಂತ ನಿಲುವಿನಲ್ಲೇ ಸುಳ್ಳು ಹೇಳಿದಳು. "ಎಲ್ಲಿ ಬರ್ತಿತ್ತು! ಸೋಮಾರಿ. ರೊಟ್ಟಿ ಸುಟ್ಟು ಕರಕು ಮಾಡ್ತಿದ್ಲು. ಗೊರಕೆ ಬೇರೆ."

"ಅಷ್ಟು ಚಿಕ್ಕ ಹುಡುಗಿ ಗೊರಕೆ ಹೊಡೀತಿದ್ಲಾ?"

"ಹೊಡೀತಿದ್ಲು. ಗರಗಸದ ಹಾಗೆ."

ಲಾರಿಟ್ಸ್ ತಲೆಯಾಡಿಸಿದ. "ಪರವಾಗಿಲ್ಲ. ನೀನೂ ಹೊಡೀತೀಯ, ನಂಗೆ ಅಭ್ಯಾಸ ಇದೆ."

ತಬಿತಾ ಬಕೆಟ್ಟು ಕುಕ್ಕಿ ಹೊರಗೆ ಹೋದಳು. ಕೋಳಿಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಅಕ್ಟೋಬರಿನ ಒಂದು ಮಂಗಳವಾರ ಗಾಡಿ ಕಟ್ಟಿ ಹೊರಟರು. ಹನ್ನೆರಡು ಮೈಲಿ. ಲಾರಿಟ್ಸನಿಗೆ ಲಗಾಮು ಹಿಡಿಯಲು ಉಸಿರು ಸಾಲದೆ ತಬಿತಾಳೇ ಹೊಡೆದಳು. ಮ್ಯಾಂಟೈಯಲ್ಲಿ ಪರಿಚಯದವರ ಮನೆಯಲ್ಲಿ ಇಳಿದುಕೊಂಡರು. ಮೊದಲ ದಿನವೆಲ್ಲ ಲೆಟ್ಟಿಯ ಹೆಸರಿನಲ್ಲಿ ಆಗಬೇಕಾದ ಬೇರೆ ವಿಧಿಗಳನ್ನು ತಬಿತಾ ಮಾಡಿ ಮುಗಿಸಿದಳು. ಮುದ್ರೆಯ ಕೋಣೆಗೆ ಹೋಗಿದ್ದು ಎರಡನೆಯ ದಿನ ಬೆಳಿಗ್ಗೆ. ಮೆಟ್ಟಿಲು ಹತ್ತುವಾಗ ಲಾರಿಟ್ಸ್ ಎರಡು ಕಡೆ ನಿಂತ. ಉಸಿರಿಗಾಗಿ ಎಂದು ಅವಳು ತಿಳಿದಳು, ಆದರೆ ಅವನು ಗೋಡೆಯ ಮೇಲೆ ಕೈಯಾಡಿಸುತ್ತಿದ್ದ. "ಈ ಸಾಲು ನಮ್ಮದು," ಅಂದ. "ನೋಡು, ಸಂದು ಕಾಣ್ತದಾ? ಕಾಣಲ್ಲ." ಅವನ ಮುಖದಲ್ಲಿ ಅಂಥ ಸಂತೋಷ ಅವಳು ಎಷ್ಟೋ ದಿನದಿಂದ ಕಂಡಿರಲಿಲ್ಲ.

ಕೋಣೆಯಲ್ಲಿ ಮೆತ್ತೆ ಹಾಕಿದ ತಗ್ಗಾದ ಪೀಠ. ಆ ಕಡೆ ಲಾರಿಟ್ಸ್ ಮಂಡಿಯೂರಿದ, ಈ ಕಡೆ ತಬಿತಾ. ಇಬ್ಬರೂ ಬಿಳಿ ಬಟ್ಟೆಯಲ್ಲಿದ್ದರು. ಕೈಗೆ ಕೈ ಕೊಟ್ಟರು. ವಿಧಿ ನಡೆಸುವ ಮುದುಕ ಕಾಗದ ದೂರ ಹಿಡಿದು ಹೆಸರು ಓದಿದ. ಲೆಟ್ಟಿಸ್ ಹಾರ್ಗ್ರೀವ್, ಸತ್ತವಳು. ಲಾರಿಟ್ಸನನ್ನು ಕೇಳಿದ. ಲಾರಿಟ್ಸ್ ಹೌದು ಅಂದ. ತಬಿತಾಳ ಕಡೆ ತಿರುಗಿ ಕೇಳಿದ.

ತಬಿತಾ ಬಾಯಿ ತೆರೆದಳು.

ಎಂಥ ಮಾತೂ ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು, ಬಿಷಪ್ಪನಿಗೂ ಎದುರುತ್ತರ ಕೊಟ್ಟವಳು. ಈಗ ಒಂದು ಅಕ್ಷರ ಹುಟ್ಟಲೊಲ್ಲದು. ಅಂಗೈಯಲ್ಲಿ ಅವನ ಕೈಯಿತ್ತು. ಹೆಬ್ಬೆರಳಿನ ಉಗುರು ಸುತ್ತಿಗೆ ಬಿದ್ದು ಎರಡು ಹೋಳಾಗಿದ್ದು, ಬೆರಳ ಸಂದಿನಲ್ಲಿ ಕಲ್ಲಿನ ಬಿಳಿ ಗೀರು, ಎಲ್ಲ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಅಮೋಸನ ಕೈ ಹೇಗಿತ್ತು? ನೆನಪಿಲ್ಲ. ಅವನ ಮುಖವೂ ನೆನಪಿಲ್ಲ. ಹತ್ತು ವರ್ಷದಿಂದ ಇಲ್ಲ. ಅಮೋಸ್ ಎಂದಾಗ ಕಣ್ಣ ಮುಂದೆ ಬರುತ್ತಿದ್ದುದು ಹಿರಿಯ ಮಗ. ಮುಖ ನೆನಪಿಲ್ಲದವನ ಜೊತೆ ಯುಗಯುಗಾಂತರ ಇರಬೇಕಾದವಳು, ಬೆರಳು ಬೆರಳೂ ಗೊತ್ತಿರುವವನನ್ನು ತನ್ನ ಬಾಯಿಂದಲೇ ಇನ್ನೊಬ್ಬಳಿಗೆ ಕೊಡಬೇಕಿತ್ತು.

ಮುದುಕ ಕಾದ. ಆ ಕೋಣೆಯಲ್ಲಿ ಅಳುವವರನ್ನು ಅವನು ಬಹಳ ನೋಡಿದ್ದ. ಮತ್ತೆ ಕೇಳಿದ, ಇನ್ನೂ ಮೆಲ್ಲಗೆ.

ಆಗ ಅವಳಿಗೆ ಲೆಟ್ಟಿಯ ಕಾಲು ನೆನಪಾಯಿತು. ಬಯಲು ದಾಟುವಾಗ, ನದಿ ದಂಡೆಯ ಆ ಬೆಳಿಗ್ಗೆ, ಹಿಮಕ್ಕೆ ಸತ್ತ ಹನ್ನೆರಡು ಜನರನ್ನು ಒಂದೇ ಗುಂಡಿಗೆ ಇಳಿಸುವ ಮೊದಲು, ತಬಿತಾ ತಂಗಿಯ ಬೂಟು ಬಿಚ್ಚಿಕೊಂಡಿದ್ದಳು. ತನ್ನದು ಹರಿದು ಚಿಂದಿಯಾಗಿತ್ತು, ಸತ್ತವಳಿಗೆ ಬೂಟು ಬೇಡ, ಎಲ್ಲರೂ ಹಾಗೇ ಮಾಡಿದ್ದರು. ಆ ಬೂಟಿನಲ್ಲಿಯೇ ಅವಳು ಈ ಕಣಿವೆಗೆ ನಡೆದು ಬಂದಿದ್ದು. ಈ ಗಂಡ, ಈ ಮಕ್ಕಳು, ಈ ಮೂವತ್ತು ವರ್ಷ, ಎಲ್ಲ ಆ ಬೂಟಿನ ಮೇಲೆ ನಿಂತಿದ್ದು. ತಂಗಿ ಬರಿಗಾಲಲ್ಲಿ ಮಣ್ಣಿಗೆ ಹೋದಳು. ಅವಳ ಬಗ್ಗೆ ಸೋಮಾರಿ, ಗೊರಕೆ ಎಂದು ಮೊನ್ನೆ ಸುಳ್ಳು ಬೇರೆ ಹೇಳಿದ್ದಾಯಿತು.

"ಹೌದು," ಅಂದಳು ತಬಿತಾ, ಲೆಟ್ಟಿಯ ಪರವಾಗಿ. ಧ್ವನಿ ಅವಳದೇ ಆಗಿತ್ತು, ಬೇರೆ ಯಾರದು ಇರುತ್ತದೆ? ಮುದುಕ ಉಳಿದದ್ದನ್ನು ಓದಿ ಮುಗಿಸಿದ. ಕೆಲಸ ಆಯಿತು.

ವಾಪಸು ಬರುವಾಗ ಮೂರು ಮೈಲಿ ದಾಟಿದ ಮೇಲೆ ಅವಳೇ ಮಾತು ಶುರುಮಾಡಿದಳು. ಬೂಟಿನ ವಿಷಯ ಹೇಳಿದಳು, ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು. "ಅವಳು ಸೋಮಾರಿ ಅಲ್ಲ," ಅಂದಳು. "ಗಾಡಿ ಎಳೆಯುವಾಗ ಮುಂದಿನ ನೊಗ ಯಾವತ್ತೂ ಅವಳದೇ. ಗೊರಕೆನೂ ಸುಳ್ಳು."

"ಅವತ್ತೇ ಗೊತ್ತಾಯ್ತು," ಅಂದ ಲಾರಿಟ್ಸ್.

"ಹೇಗೆ ಗೊತ್ತಾಯ್ತು?"

"ಬಕೆಟ್ಟು ಕುಕ್ಕಿದ್ಯಲ್ಲ."

ಅವಳಿಗೆ ನಗು ಬಂತು, ಅಳುವೂ ಬಂತು. ಲಗಾಮು ಕೈಯಲ್ಲಿದ್ದುದರಿಂದ ಮೂಗು ತೋಳಿಗೆ ಒರೆಸಿಕೊಂಡಳು. "ಈಗಾದ್ರೂ ನೆಮ್ಮದಿನಾ ನಿಂಗೆ?"

"ನೆಮ್ಮದಿ ಬೇಕಾಗಿದ್ದು ನಿಂಗೆ ಕಣೆ. ನಂಗೆ ಮೊದಲೇ ಇತ್ತು," ಅಂದ ಅವನು. ಆಮೇಲೆ ಕೆಮ್ಮು ಬಂತು, ಊರು ಬರುವ ತನಕ ಬಿಡಲಿಲ್ಲ.

ಚಳಿಗಾಲ ಅವನು ದಾಟಲಿಲ್ಲ. ಫೆಬ್ರವರಿಯ ಒಂದು ಬೆಳಿಗ್ಗೆ ಹಾಲು ಕರೆದು ಅವಳು ಒಳಗೆ ಬರುವಷ್ಟರಲ್ಲಿ, ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತವನು ಕೂತ ಹಾಗೇ ಹೋಗಿದ್ದ. ಸಭೆಯ ಗಂಡಸರು, ಅಲ್ಲಿಯ ಮಾತಿನಲ್ಲಿ ಅಣ್ಣಂದಿರು, ಬಂದು ಮೈ ತೊಳೆದು ದೇವಾಲಯದ ಬಿಳಿ ಬಟ್ಟೆ ಉಡಿಸಿದರು. ನೆಲ ಕಬ್ಬಿಣದಷ್ಟು ಗಟ್ಟಿಯಾಗಿತ್ತು. ಹಿರಿಯ ಮಗ ಅಮೋಸನೂ ಅವನ ತಮ್ಮಂದಿರೂ ಹಾರೆ ಹಿಡಿದು ಎರಡು ದಿನ ಗುಂಡಿ ತೋಡಿದರು. ಆರು ಮಕ್ಕಳೂ ಬಂದಿದ್ದರು. ನೆರೆಯ ಅಕ್ಕಂದಿರು ತಂದ ರೊಟ್ಟಿ, ಹಂದಿಮಾಂಸ ಮೇಜಿನ ತುಂಬ. ತಬಿತಾ ಎಲ್ಲರಿಗೂ ಬಡಿಸಿದಳು, ಯಾರ ಮುಂದೆಯೂ ಅಳಲಿಲ್ಲ. ಬಿಷಪ್ ಟ್ರಾಸ್ಕ್ ಸಮಾಧಾನ ಹೇಳಿದ. "ನೀನು ಮುಂದಾಲೋಚನೆಯಿಂದ ಮಾಡಿದ್ದು ಒಳ್ಳೇದಾಯ್ತು ತಬಿತಕ್ಕ. ಲಾರಿಟ್ಸಣ್ಣನಿಗೆ ಅಲ್ಲಿ ಬರಮಾಡ್ಕೊಳ್ಳೋಕೆ ಜನ ಇದಾರೆ."

"ಹೌದು, ಇದಾರೆ," ಅಂದಳು ಅವಳು.

ಪೆಟ್ಟಿಗೆ ಮುಚ್ಚುವ ಮೊದಲು ಮನೆಯವರು ಒಬ್ಬೊಬ್ಬರಾಗಿ ಬಂದು ಮುಖ ನೋಡಿ ಸರಿದರು. ಕೊನೆಗೆ ತಬಿತಾ ಬಂದಳು. ಬಗ್ಗಿ ಅವನ ಕೊರಳಪಟ್ಟಿ ಸರಿಮಾಡಿದಳು. ಆಮೇಲೆ ಮಾತಾಡಿದಳು. ಆದರೆ ಮಾತಾಡಿದ್ದು ಅವನ ಜೊತೆಯಲ್ಲ.

"ಲೆಟ್ಟಿ, ಬಂದಿದಾನೆ ನೋಡೇ," ಅಂದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಅವಳು ಅದನ್ನು ಲಕ್ಷಕ್ಕೆ ತರದೆ, ಊರಿಗೆ ಹೊರಟವಳು ನೆರೆಯವಳಿಗೆ ಮನೆ ಒಪ್ಪಿಸುವ ಧಾಟಿಯಲ್ಲಿ, ಒಂದೊಂದಾಗಿ ಹೇಳತೊಡಗಿದಳು. "ಎಡಗಿವಿ ಮಂದ, ಬಲಗಡೆ ನಿಂತು ಮಾತಾಡು. ಹಸಿವಾದ್ರೆ ಬಾಯಿಬಿಟ್ಟು ಕೇಳಲ್ಲ, ನೀನೇ ತಟ್ಟೆ ಮುಂದಿಡಬೇಕು. ಕೋಪ ಬಂದ್ರೆ ಕೂಗಾಡೋನಲ್ಲ, ಹೊರಗೆ ಹೋಗಿ ಏನಾದ್ರೂ ರಿಪೇರಿ ಮಾಡ್ತಾನೆ. ಮಾಡ್ಲಿ ಬಿಡು, ಆಗ ಕರೀಬೇಡ. ಕಾಲು ಬೇಗ ತಣ್ಣಗಾಗ್ತದೆ, ಕಂಬಳಿ ಆ ಕಡೆ ಜಾಸ್ತಿ ಎಳಿ. ಒಳ್ಳೆಯವನು ಕಣೇ. ಒಬ್ಬನ್ನೇ ಬಿಡಬೇಡ."

ಕಿರಿಯ ಮಗಳು ಹಲ್ಡಾ ಬಿಕ್ಕಿದಳು. ಅಮೋಸ್ ತಾಯಿಯ ಮೊಣಕೈ ಮುಟ್ಟಿದ. "ಅಮ್ಮಾ, ಮುಚ್ಚಬೇಕು. ಜನ ಚಳೀಲಿ ನಿಂತಿದಾರೆ."

ಅವಳು ಆಯಿತೆಂದು ತಲೆಯಾಡಿಸಿ ಎರಡು ಹೆಜ್ಜೆ ಹಿಂದೆ ಸರಿದಳು. ಅಮೋಸ್ ಮುಚ್ಚಳ ಎತ್ತಿದ. ಅಷ್ಟರಲ್ಲಿ ತಬಿತಾ ಮತ್ತೆ ಮುಂದೆ ಬಂದು, ಮಗನ ಕೈಯನ್ನು ಒತ್ತಟ್ಟಿಗೆ ಸರಿಸಿ, ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. ಬಿಷಪ್ಪನೂ ಅಣ್ಣಂದಿರೂ ಅಕ್ಕಂದಿರೂ ಎಲ್ಲ ಕೇಳುವ ಹಾಗೆ ಹೇಳಿದಳು.

"ನಾನು ಬರೋ ತನಕ ಅಷ್ಟೇ ಕಣೇ ಲೆಟ್ಟಿ. ಬಂದ ಮೇಲೆ ನನ್ನ ಗಂಡನ್ನ ನಂಗೆ ಕೊಟ್ಟುಬಿಡು."